ಸಾಯಲೆಂದು ಊರು ಬಿಟ್ಟ ಡಾಕ್ಟರು 45 ವರ್ಷ ಇನ್ಸುಲಿನ್ ಚುಚ್ಚಿಕೊಂಡು ಬದುಕಿದ್ದು ಹೇಗೆ?

ಇನ್ಸುಲಿನ್ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳನ್ನು ಗಮನಿಸಿದರೆ ಎರಡು ಮಾತು ಮತ್ತೆ ಮತ್ತೆ ಸಿಗುತ್ತವೆ. ಇನ್ಸುಲಿನ್ ಶುರುವಾಯಿತು ಎಂದರೆ ಕಾಯಿಲೆ ಕೊನೆಯ ಹಂತಕ್ಕೆ ಬಂತು ಎಂಬುದು ಒಂದು. ಇನ್ಸುಲಿನ್ ಚುಚ್ಚಿಕೊಂಡವರಿಗೆ ಕಣ್ಣು ಹೋಗುತ್ತದೆ, ಕಾಲು ಕೊಳೆಯುತ್ತದೆ ಎಂಬುದು ಇನ್ನೊಂದು. ಮೂರನೆಯ ಮಾತೊಂದಿದೆ. ಅದು ಫೋನಿಗಿಂತ ಹೆಚ್ಚಾಗಿ ಮನೆಯ ಹಿರಿಯರ ಬಾಯಲ್ಲಿ ಬರುತ್ತದೆ: ಜ್ವರ ಬಂದು ಊಟ ಬಿಟ್ಟಿದ್ದರೆ ಇನ್ಸುಲಿನ್ನನ್ನೂ ಬಿಟ್ಟುಬಿಡಬೇಕು. ಕೇಳಲು ಬಹಳ ತರ್ಕಬದ್ಧವಾಗಿದೆ. ಮೂರರಲ್ಲಿ ಪ್ರಾಣಕ್ಕೆ ಹೆಚ್ಚು ಅಪಾಯ ತರುವುದೂ ಇದೇ.

ಈ ಮೂರಕ್ಕೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಉತ್ತರ ಸಿಗುತ್ತದೆ. ಅವರ ಹೆಸರು ರಾಬರ್ಟ್ ಡೇನಿಯಲ್ ಲಾರೆನ್ಸ್. ಗೆಳೆಯರಿಗೆ ರಾಬಿನ್. ಇಂಗ್ಲೆಂಡಿನ ಅತ್ಯಂತ ಹೆಸರುವಾಸಿ ಸಕ್ಕರೆ ಕಾಯಿಲೆ ತಜ್ಞರಲ್ಲಿ ಒಬ್ಬರು, ಸ್ವತಃ ಸಕ್ಕರೆ ಕಾಯಿಲೆಯ ರೋಗಿ. ಎರಡು ಸಲ ಸೋಂಕು ಅವರ ಬದುಕಿನ ದಾರಿಯನ್ನೇ ತಿರುಗಿಸಿತು. ಎರಡನೆಯ ಸಲವಂತೂ ಬಹುತೇಕ ಮುಗಿದೇ ಹೋಗಿತ್ತು.

ಬಟ್ಟೆ ಅಂಗಡಿಯಿಂದ ಆಪರೇಷನ್ ಟೇಬಲ್‌ವರೆಗೆ

ಲಾರೆನ್ಸ್ ಹುಟ್ಟಿದ್ದು 1892ರ ನವೆಂಬರ್ 18ರಂದು, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ತಂದೆಯದು ಬ್ರಷ್ ತಯಾರಿಸುವ ವ್ಯಾಪಾರ. ರಾಜಮನೆತನದ ಬಾಲ್ಮೋರಲ್ ಅರಮನೆಗೂ ಇವರಲ್ಲಿಂದಲೇ ಬ್ರಷ್ ಹೋಗುತ್ತಿತ್ತು. ಹುಡುಗ ಓದಿದ್ದು ಮೊದಲು ಫ್ರೆಂಚ್ ಮತ್ತು ಇಂಗ್ಲಿಷ್. ಎಂ.ಎ. ಮುಗಿಸಿ ಗ್ಲಾಸ್ಗೋದಲ್ಲಿ ಚಿಕ್ಕಪ್ಪನ ಬಟ್ಟೆ ಅಂಗಡಿಗೆ ಸೇರಿದರು. ಕೆಲವೇ ವಾರಗಳಲ್ಲಿ ಬೇಸತ್ತು ವಾಪಸು ಬಂದು ಅದೇ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಹೆಸರು ಬರೆಸಿದರು. ಅಲ್ಲಿ ಚಿನ್ನದ ಪದಕಗಳು, ಹಾಕಿ, ಟೆನ್ನಿಸ್, ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿ ಎಲ್ಲವೂ ಕೈಗೆ ಬಂದವು. 1916ರಲ್ಲಿ ಡಾಕ್ಟರಾದರು.

ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಸೇನೆಯ ವೈದ್ಯಕೀಯ ದಳಕ್ಕೆ ಸೇರಿದ ಲಾರೆನ್ಸ್ ಭಾರತದ ಗಡಿನಾಡಿಗೆ ಬಂದರು. ಇಲ್ಲಿ ರಕ್ತಭೇದಿ ಹಿಡಿದು, ಸೇವೆಗೆ ಯೋಗ್ಯರಲ್ಲ ಎಂದು 1919ರಲ್ಲಿ ಊರಿಗೆ ಕಳಿಸಿಕೊಟ್ಟರು. ಕೆಲವು ತಿಂಗಳು ಮೀನು ಹಿಡಿಯುತ್ತ ಸುಧಾರಿಸಿಕೊಂಡು, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕೆಲಸ ಹಿಡಿದರು. ಆರು ತಿಂಗಳಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಸಹಾಯಕ ಶಸ್ತ್ರವೈದ್ಯರಾದರು.

ಕಿವಿಯ ಹಿಂದೆ ಕೈಯಿಟ್ಟರೆ ಗಟ್ಟಿಯಾದ ಒಂದು ಉಬ್ಬು ಸಿಗುತ್ತದಲ್ಲ, ಅದರ ಹೆಸರು ಮಾಸ್ಟಾಯ್ಡ್ ಮೂಳೆ. ಆಂಟಿಬಯಾಟಿಕ್ ಇಲ್ಲದ ಆ ಕಾಲದಲ್ಲಿ ಕಿವಿ ಸೋರುವ ಕಾಯಿಲೆ ಈ ಮೂಳೆಗೆ ಇಳಿದರೆ ಉಳಿಯಿಂದ ಕೆತ್ತಿ ಕೀವು ತೆಗೆಯಬೇಕಿತ್ತು. ಲಾರೆನ್ಸ್ ಒಂದು ಶವದ ಮೇಲೆ ಆ ಕೆಲಸವನ್ನು ಅಭ್ಯಾಸ ಮಾಡುತ್ತಿದ್ದಾಗ ಮೂಳೆಯ ಚೂರೊಂದು ಸಿಡಿದು ಬಲಗಣ್ಣಿಗೆ ಬಿತ್ತು. ಕಣ್ಣು ನಂಜಾಯಿತು. ಆಸ್ಪತ್ರೆಗೆ ಸೇರಿಸಿ ಪರೀಕ್ಷೆ ಮಾಡಿದಾಗ ಮೂತ್ರದಲ್ಲಿ ಸಕ್ಕರೆ ಕಂಡಿತು. ಅದು 1920. ವಯಸ್ಸು ಸುಮಾರು 28.

ಮೂಳೆಯ ಚೂರು ಸಕ್ಕರೆ ಕಾಯಿಲೆ ತಂದಿತೇ? ಇಲ್ಲ. ಒಳಗೆ ಮೊದಲೇ ಹೊಗೆಯಾಡುತ್ತಿದ್ದ ಕಾಯಿಲೆಯನ್ನು ಸೋಂಕು ಬಯಲಿಗೆ ತಂದಿತು. ಇಂದಿಗೂ ಎಷ್ಟೋ ಜನರಿಗೆ ತಮಗೆ ಶುಗರ್ ಇದೆ ಎಂದು ಗೊತ್ತಾಗುವುದು ಮಾಯದ ಗಾಯ, ಬೆನ್ನಿನ ಮೇಲಿನ ಕುರು, ಪದೇ ಪದೇ ಬರುವ ಮೂತ್ರದ ಸೋಂಕು ಇಂಥವುಗಳ ಮೂಲಕವೇ. ಈ ನಂಟು ಎರಡೂ ಕಡೆಯಿಂದ ಇದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಸೋಂಕು ಬೆಳೆಯುತ್ತದೆ. ಸೋಂಕು ಬೆಳೆದಂತೆ ಸಕ್ಕರೆ ಇನ್ನೂ ಏರುತ್ತದೆ.

ಕಣ್ಣಿನ ನಂಜು ಇಳಿಯಿತು. ಆದರೆ ಆ ಕಣ್ಣಿನ ದೃಷ್ಟಿ ಪೂರ್ತಿ ಮರಳಲಿಲ್ಲ. ಶಸ್ತ್ರವೈದ್ಯನಾಗುವ ಕನಸು ಅಲ್ಲಿಗೆ ಮುಗಿಯಿತು. ಇಲ್ಲಿ ಒಂದು ವಿಷಯ ಗಮನಿಸಿ. ಲಾರೆನ್ಸ್ ಅವರ ಕಣ್ಣು ಮಂದವಾದದ್ದು 1920ರಲ್ಲಿ. ಮನುಷ್ಯರೊಬ್ಬರಿಗೆ ಜಗತ್ತಿನಲ್ಲೇ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟದ್ದು 1922ರಲ್ಲಿ. ಅವರ ಕಣ್ಣನ್ನು ಇನ್ಸುಲಿನ್ ಕಿತ್ತುಕೊಂಡಿರಲು ಸಾಧ್ಯವೇ ಇಲ್ಲ.

ಉಪವಾಸವೇ ಔಷಧವಾಗಿದ್ದ ಕಾಲ

ಆಗ ಸಕ್ಕರೆ ಕಾಯಿಲೆಗೆ ಇದ್ದ ಚಿಕಿತ್ಸೆ ಪಥ್ಯ ಒಂದೇ. ಪಥ್ಯ ಎಂದರೆ ಅನ್ನ ಬಿಟ್ಟು ಚಪಾತಿ ತಿನ್ನುವಂಥದ್ದಲ್ಲ. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯರು ಬಳಕೆಗೆ ತಂದಿದ್ದ ಪದ್ಧತಿಯಲ್ಲಿ ಮೊದಲು ಪೂರ್ತಿ ಉಪವಾಸ, ಆಮೇಲೆ ಬದುಕಿರಲು ಸಾಕಾಗುವಷ್ಟು ಮಾತ್ರ ಆಹಾರ. ತರಕಾರಿಯನ್ನೂ ಮೂರು ಸಲ ನೀರು ಬದಲಿಸಿ ಬೇಯಿಸಿ, ಪಿಷ್ಟವೆಲ್ಲ ಹೋದ ಮೇಲೆ ಕೊಡುತ್ತಿದ್ದರು. ಮಕ್ಕಳು ಎಲುಬಿನ ಹಂದರದಂತಾಗಿ ಕೆಲವು ತಿಂಗಳೋ ಒಂದೆರಡು ವರ್ಷವೋ ಉಸಿರಾಡುತ್ತಿದ್ದರು. ಇದು ಕ್ರೌರ್ಯವಲ್ಲ, ಆಗ ಅದಕ್ಕಿಂತ ಒಳ್ಳೆಯ ದಾರಿ ಯಾರ ಬಳಿಯೂ ಇರಲಿಲ್ಲ.

ಲಾರೆನ್ಸ್ ಇಂಥದ್ದೇ ಕಟ್ಟುನಿಟ್ಟಿನ ಪಥ್ಯದಲ್ಲಿದ್ದುಕೊಂಡು ಆಸ್ಪತ್ರೆಯ ರಸಾಯನ ಪರೀಕ್ಷಾ ವಿಭಾಗದಲ್ಲಿ ಡಾ. ಹ್ಯಾರಿಸನ್ ಎಂಬವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಎಂ.ಡಿ. ಪ್ರಬಂಧವನ್ನೂ ಬರೆದು ಮುಗಿಸಿದರು. ಆದರೆ ತಮ್ಮ ಲೆಕ್ಕ ತಮಗೆ ಗೊತ್ತಿತ್ತು. ಹೆಚ್ಚು ದಿನ ಉಳಿಯುವುದಿಲ್ಲ, ಮನೆಯವರ ಕಣ್ಣೆದುರು ಸಾಯುವುದು ಬೇಡ ಎಂದು ನಿರ್ಧರಿಸಿ ಇಟಲಿಯ ಫ್ಲಾರೆನ್ಸ್‌ಗೆ ಹೊರಟುಹೋದರು. ಅಲ್ಲೇ ಸಣ್ಣದಾಗಿ ವೈದ್ಯವೃತ್ತಿ ಶುರು ಮಾಡಿದರು.

1922-23ರ ಚಳಿಗಾಲದಲ್ಲಿ ಅವರಿಗೆ ಶ್ವಾಸನಾಳದ ಸೋಂಕು, ಅಂದರೆ ಬ್ರಾಂಕೈಟಿಸ್ ಬಂತು. ಎರಡು ವರ್ಷ ಪಥ್ಯದ ಬಲದಿಂದ ಹೇಗೋ ಹಿಡಿತದಲ್ಲಿದ್ದ ಕಾಯಿಲೆ ಒಮ್ಮೆಲೇ ಕೈಮೀರಿತು. ಕಾಲಿನ ನರಗಳು ಬಲ ಕಳೆದುಕೊಂಡವು.

ಜ್ವರ ಬಂದಾಗ ಒಳಗೆ ಏನಾಗುತ್ತದೆ?

ಲಾರೆನ್ಸ್ ಅವರನ್ನು ಸ್ವಲ್ಪ ಹೊತ್ತು ಫ್ಲಾರೆನ್ಸ್‌ನಲ್ಲೇ ಬಿಟ್ಟು, ಆ ಚಳಿಗಾಲದಲ್ಲಿ ಅವರ ದೇಹದೊಳಗೆ ನಡೆದದ್ದನ್ನು ನೋಡೋಣ. ಮೂರನೆಯ ತಪ್ಪು ನಂಬಿಕೆಯ ಬೇರು ಇರುವುದು ಇಲ್ಲಿ.

ನಮ್ಮ ರಕ್ತಕ್ಕೆ ಸಕ್ಕರೆ ಬರುವುದು ತಟ್ಟೆಯಿಂದ ಮಾತ್ರ ಎಂದು ನಾವು ಅಂದುಕೊಂಡಿದ್ದೇವೆ. ಯಕೃತ್ತು, ಅಂದರೆ ಲಿವರ್ ಕೂಡ ಸಕ್ಕರೆಯ ಉಗ್ರಾಣ. ನಾವು ಉಪವಾಸವಿದ್ದಾಗಲೂ ಅದು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಸೋಂಕು ತಗುಲಿದಾಗ ದೇಹ ಅದನ್ನು ಯುದ್ಧವೆಂದೇ ತಿಳಿಯುತ್ತದೆ. ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳು ಏರುತ್ತವೆ. ಉಗ್ರಾಣದ ಬಾಗಿಲು ತೆಗೆಯಿರಿ ಎಂಬುದೇ ಅವುಗಳ ಆಜ್ಞೆ. ಜೊತೆಗೆ ಇನ್ಸುಲಿನ್ ಮಾತನ್ನು ಸ್ನಾಯುಗಳು ಮೊದಲಿನಷ್ಟು ಕೇಳುವುದಿಲ್ಲ. ಹಾಗಾಗಿ ರೋಗಿ ಎರಡು ದಿನದಿಂದ ಬರೀ ಗಂಜಿ ನೀರು ಕುಡಿದಿದ್ದರೂ ಶುಗರ್ 300 ದಾಟಿರಬಹುದು.

ಅಂದರೆ ಜ್ವರದ ದಿನಗಳಲ್ಲಿ ದೇಹಕ್ಕೆ ಬೇಕಾಗುವ ಇನ್ಸುಲಿನ್ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ಅದೇ ಹೊತ್ತಿಗೆ ಚುಚ್ಚುಮದ್ದು ನಿಲ್ಲಿಸಿದರೆ? ರಕ್ತದ ತುಂಬ ಸಕ್ಕರೆ ಇದ್ದರೂ ಜೀವಕೋಶಗಳು ಹಸಿದಿರುತ್ತವೆ. ದೇಹ ಕೊಬ್ಬನ್ನು ಕರಗಿಸಿ ಉರಿಸಲು ತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಗುಡ್ಡೆ ಬೀಳುತ್ತವೆ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಬಾಯಲ್ಲಿ ಹಣ್ಣು ಕೊಳೆತಂಥ ವಾಸನೆ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು. ಟೈಪ್ 1 ಸಕ್ಕರೆ ಕಾಯಿಲೆ ಇರುವವರಲ್ಲಿ, ಅಂದರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಮಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿರುವವರಲ್ಲಿ, ಇದು ಒಂದೇ ದಿನದಲ್ಲಿ ನಡೆದುಹೋಗಬಹುದು. ಎಷ್ಟೋ ಸಲ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಜೀರಿಗೆ ಕಷಾಯ ಕುಡಿಸುತ್ತ ಅಮೂಲ್ಯ ಗಂಟೆಗಳನ್ನು ಕಳೆಯುತ್ತಾರೆ.

ಹಾಗಂತ ಜ್ವರ ಬಂತೆಂದು ನೀವೇ ಡೋಸ್ ಹೆಚ್ಚಿಸಬೇಡಿ. ವಾಂತಿಯಾಗಿ ಏನೂ ಒಳಗೆ ನಿಲ್ಲದವರಿಗೆ ಕೆಲವೊಮ್ಮೆ ಊಟದ ಹೊತ್ತಿನ ಇನ್ಸುಲಿನ್ ಕಡಿಮೆ ಮಾಡಬೇಕಾಗುತ್ತದೆ. ದಿನವಿಡೀ ನಿಧಾನ ಕೆಲಸ ಮಾಡುವ ಇನ್ಸುಲಿನ್ ಬೇರೆ, ಊಟಕ್ಕೆ ಮೊದಲು ತೆಗೆದುಕೊಳ್ಳುವುದು ಬೇರೆ. ಟೈಪ್ 1 ಇರುವವರು ಮೊದಲನೆಯದನ್ನು ಯಾವ ಕಾರಣಕ್ಕೂ ಪೂರ್ತಿ ನಿಲ್ಲಿಸುವಂತಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಗ್ಲುಕೋಮೀಟರ್‌ನಲ್ಲಿ ನೋಡಿ, ನೀರು ಕುಡಿಯುತ್ತ, ಆ ಅಂಕಿಗಳನ್ನು ವೈದ್ಯರಿಗೆ ಫೋನ್ ಮಾಡಿ ಹೇಳಿ. ವಾಂತಿ ನಿಲ್ಲದಿದ್ದರೆ, ಉಸಿರಾಟ ಬದಲಾದರೆ ಫೋನ್ ಸಾಲದು, ಆಸ್ಪತ್ರೆಗೇ ಹೋಗಬೇಕು. ಮಾತ್ರೆ ನುಂಗುವವರಿಗೂ ಒಂದು ಮಾತು. ಹೆಸರಿನ ಕೊನೆಯಲ್ಲಿ ಗ್ಲಿಫ್ಲೋಜಿನ್ ಎಂದು ಬರುವ ಮಾತ್ರೆಗಳನ್ನು ವಾಂತಿ, ಭೇದಿ, ಜೋರು ಜ್ವರ ಇದ್ದಾಗ ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಚೀಟಿಯಲ್ಲಿ ಅದಿದೆಯೇ ಎಂದು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದುಕೊಂಡಿದ್ದರೆ ಒಳ್ಳೆಯದು.

ಲಂಡನ್ನಿನಿಂದ ಬಂದ ತಂತಿ

ಲಾರೆನ್ಸ್ ಇಟಲಿಯಲ್ಲಿ ದಿನ ಎಣಿಸುತ್ತಿದ್ದಾಗ ಕೆನಡಾದ ಟೊರಾಂಟೋದಲ್ಲಿ ಹೊಸ ಔಷಧ ಹುಟ್ಟಿಯಾಗಿತ್ತು. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಶುರು ಮಾಡಿದ ಕೆಲಸ ಅದು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ, ಚುಚ್ಚಿದ ಜಾಗದಲ್ಲಿ ಬಾವು ಬೇರೆ ಬಂತು. ಸಾರ ಶುದ್ಧವಾಗಿರಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಹಗಲೂ ರಾತ್ರಿ ಕೂತು ಅದನ್ನು ಶುದ್ಧಿ ಮಾಡಿಕೊಟ್ಟ ಮೇಲೆ, ಜನವರಿ 23ರಿಂದ ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು, ಹುಡುಗ ಎದ್ದು ಕೂತ.

ಹಂದಿ, ದನಗಳ ಮೇದೋಜೀರಕದಿಂದ ತೆಗೆದ ಈ ಇನ್ಸುಲಿನ್ 1923ರ ಮೊದಲ ತಿಂಗಳುಗಳಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಗೂ ಬಂತು. ಡಾ. ಹ್ಯಾರಿಸನ್ ಅದನ್ನು ಬಳಸಿ ನೋಡಿದರು. ಕೂಡಲೇ ಫ್ಲಾರೆನ್ಸ್‌ಗೆ ತಂತಿ ಕಳಿಸಿದರು: ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತದೆ, ಬೇಗ ಬಾ ಎಂಬುದಿಷ್ಟೇ ಅದರ ಸಾರಾಂಶ.

ಕಾಲಲ್ಲಿ ಬಲವಿಲ್ಲ, ಮೈಯಲ್ಲಿ ಮಾಂಸವಿಲ್ಲ. ಆ ಸ್ಥಿತಿಯಲ್ಲಿ ಲಾರೆನ್ಸ್ ಕಾರಿನಲ್ಲಿ ಯುರೋಪನ್ನು ದಾಟಿ ಲಂಡನ್ನಿಗೆ ಹೊರಟರು. ಮೇ 28ರಂದು ಆಸ್ಪತ್ರೆ ತಲುಪಿದರು. ಮೂರು ದಿನ ಪರೀಕ್ಷೆಗಳು. 1923ರ ಮೇ 31ರಂದು ಮೊದಲ ಚುಚ್ಚುಮದ್ದು.

ಎರಡು ತಿಂಗಳ ಕಲಿಕೆ

ಸಿನಿಮಾ ಆಗಿದ್ದರೆ ಸೂಜಿ ಚುಚ್ಚಿದ ಮರುದಿನ ನಾಯಕ ಮೈದಾನದಲ್ಲಿ ಓಡುತ್ತಿದ್ದ. ಲಾರೆನ್ಸ್ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಸುಧಾರಿಸಿಕೊಳ್ಳಲು ಮಾತ್ರವಲ್ಲ, ಇನ್ಸುಲಿನ್ ಜೊತೆ ಬದುಕುವುದನ್ನು ಕಲಿಯಲು. ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲದ ಭಾಗ. ಇಂದು ಹೊರರೋಗಿ ವಿಭಾಗದಲ್ಲಿ ಐದು ನಿಮಿಷದಲ್ಲಿ ಪೆನ್ ಕೈಗಿಟ್ಟು ಕಳಿಸುವುದುಂಟು. ಮನೆಗೆ ಬಂದ ಮೇಲೆ ಆಗುವುದನ್ನೆಲ್ಲ ಇನ್ಸುಲಿನ್ನಿನ ವಿಷ ಎಂದು ಜನ ಹೆದರಿದರೆ ಅವರನ್ನೇ ಬಯ್ಯುವುದು ಸರಿಯಲ್ಲ.

ಮೊದಲ ದಿನಗಳಲ್ಲಿ ಏನೇನು ಆಗಬಹುದು? ಕೆಲವರಿಗೆ ಕಣ್ಣು ಮಂಜಾಗುತ್ತದೆ. ಸಕ್ಕರೆ ಏರಿದ್ದಾಗ ಕಣ್ಣಿನ ಮಸೂರ ನೀರು ಹೀರಿ ಉಬ್ಬಿರುತ್ತದೆ. ಸಕ್ಕರೆ ಇಳಿದಾಗ ಅದರ ಆಕಾರ ಮತ್ತೆ ಬದಲಾಗುತ್ತದೆ. ಕೆಲವು ವಾರಗಳಲ್ಲಿ ದೃಷ್ಟಿ ತಾನಾಗಿ ಸರಿಹೋಗುತ್ತದೆ. ಹಾಗಾಗಿ ಇನ್ಸುಲಿನ್ ಶುರುವಾದ ತಕ್ಷಣ ಹೊಸ ಕನ್ನಡಕಕ್ಕೆ ಹಣ ಸುರಿಯಬೇಡಿ ಎಂದು ಕಣ್ಣಿನ ಡಾಕ್ಟರುಗಳೇ ಹೇಳುತ್ತಾರೆ. ಆದರೆ ಕಣ್ಣಿನ ಹಿಂಪರದೆಗೆ ಮೊದಲೇ ಹಾನಿಯಾಗಿದ್ದವರಲ್ಲಿ, ಬಹುಕಾಲ ಏರಿದ್ದ ಸಕ್ಕರೆ ತುಂಬ ವೇಗವಾಗಿ ಇಳಿದರೆ ಆ ಹಾನಿ ಸ್ವಲ್ಪ ಕಾಲ ಹೆಚ್ಚಾಗುವುದು ನಿಜ. ಅದಕ್ಕೇ ಆರಂಭದಲ್ಲೇ ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡಿಸಬೇಕು. ಮುಂದಿನ ವರ್ಷಗಳಲ್ಲಿ ಕಣ್ಣನ್ನು ಕಾಪಾಡುವುದು ಹಿಡಿತದಲ್ಲಿರುವ ಸಕ್ಕರೆಯೇ. ಫಾರ್ವರ್ಡ್‌ನಲ್ಲಿ ಬರುವ ಅರೆಸತ್ಯ ಹುಟ್ಟಿದ್ದು ಬಹುಶಃ ಇಲ್ಲಿಂದ.

ಅದರ ಇನ್ನೊಂದು ಬೇರು ನಮ್ಮ ತಡಮಾಡುವ ಚಾಳಿಯಲ್ಲಿದೆ. ಹತ್ತು ಹದಿನೈದು ವರ್ಷ ಶುಗರ್ ಏರಿಸಿಕೊಂಡು, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಇನ್ಸುಲಿನ್ ಗಿಡದ ಎಲೆ ಎಲ್ಲ ಮುಗಿಸಿ, ಕಾಲಿನ ಗಾಯ ಮಾಯದಿದ್ದಾಗ ಇನ್ಸುಲಿನ್‌ಗೆ ಒಪ್ಪುತ್ತಾರೆ. ಆರು ತಿಂಗಳಿಗೆ ಬೆರಳು ತೆಗೆಯಬೇಕಾದರೆ ಅಪವಾದ ಇನ್ಸುಲಿನ್ ತಲೆಗೆ. ಬೆಂಕಿ ಆರಿಸುವ ಗಾಡಿ ಬಂದ ಮನೆಯೆಲ್ಲ ಸುಟ್ಟಿರುತ್ತದೆ, ಆದ್ದರಿಂದ ಗಾಡಿಯೇ ಬೆಂಕಿ ಹಚ್ಚಿತು ಎಂದ ಹಾಗಾಯಿತು. ಅಂದಹಾಗೆ, ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಉಪಯೋಗವಿರಲಿಲ್ಲ. ಇನ್ಸುಲಿನ್ ಒಂದು ಪ್ರೋಟೀನು, ತಿಂದರೆ ಬೇಳೆಯಂತೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಚುಚ್ಚಿಕೊಳ್ಳುವುದು ಅದಕ್ಕೇ.

ಪಾದ ಸ್ವಲ್ಪ ಊದಿಕೊಳ್ಳಬಹುದು. ತೂಕ ಏರಬಹುದು, ಮೂತ್ರದಲ್ಲಿ ಸೋರಿಹೋಗುತ್ತಿದ್ದ ಸಕ್ಕರೆ ಈಗ ಮೈಗೆ ಹತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಅಡ್ಡಪರಿಣಾಮ ಶುಗರ್ ಲೋ ಆಗುವುದು. ಬೆವರು, ಕೈನಡುಕ, ಎದೆಬಡಿತ, ವಿಪರೀತ ಹಸಿವು, ಕಾರಣವಿಲ್ಲದೆ ಸಿಡುಕು, ತೊದಲು ಮಾತು. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಇಲ್ಲದಿದ್ದರೂ ಈ ಲಕ್ಷಣ ಕಂಡರೆ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬಾರದು, ಅದು ಶ್ವಾಸಕ್ಕೆ ಹೋಗುತ್ತದೆ. ಹಿಂದೆ ಕೆಲವು ಆಸ್ಪತ್ರೆಗಳಲ್ಲಿ ಹೊಸ ರೋಗಿಗೆ ನರ್ಸುಗಳ ಕಣ್ಣೆದುರೇ ಬೇಕೆಂದು ಒಮ್ಮೆ ಶುಗರ್ ಲೋ ಮಾಡಿಸಿ, ಅದು ಹೇಗಿರುತ್ತದೆ ಎಂದು ಪರಿಚಯಿಸಿ ಮನೆಗೆ ಕಳಿಸುತ್ತಿದ್ದರು. ಈಗ ಹಾಗೆ ಮಾಡುವುದಿಲ್ಲ. ಆದರೆ ರೋಗಿಗೆ ಮೊದಲೇ ತಿಳಿದಿರಬೇಕು ಎಂಬ ಯೋಚನೆ ಸರಿಯೇ ಇತ್ತು.

ಲಾರೆನ್ಸ್ ಕಾಲದ ಕಷ್ಟಗಳು ಇನ್ನೂ ಬೇರೆ. ಗಾಜಿನ ಸಿರಿಂಜನ್ನು ಕುದಿಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಬೇಕು. ಇನ್ಸುಲಿನ್ ಅಷ್ಟು ಶುದ್ಧವಲ್ಲದ್ದರಿಂದ ಚುಚ್ಚಿದಲ್ಲಿ ಕೆಂಪಾಗುವುದು, ತುರಿಕೆ, ಕೊಬ್ಬು ಕರಗಿ ಗುಳಿ ಬೀಳುವುದು ಸಾಮಾನ್ಯ. ಮನೆಯಲ್ಲಿ ಸಕ್ಕರೆ ನೋಡಲು ಗ್ಲುಕೋಮೀಟರ್ ಇಲ್ಲ. ಬೆನೆಡಿಕ್ಟ್ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಬಿಸಿ ಮಾಡಿ ಬಣ್ಣ ನೋಡಬೇಕು. ನೀಲಿ ಇದ್ದರೆ ಸಕ್ಕರೆ ಇಲ್ಲ, ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಪ್ರ್ಯಾಕ್ಟಿಕಲ್‌ನಲ್ಲಿ ಮಾಡಿರುತ್ತೀರಿ.

ಈಗಿನ ಇನ್ಸುಲಿನ್‌ಗೆ ಹಂದಿಯೂ ಬೇಡ ದನವೂ ಬೇಡ. ಮನುಷ್ಯನ ಇನ್ಸುಲಿನ್ನಿನ ಸೂತ್ರವನ್ನು ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಒಳಗೆ ಸೇರಿಸಿ ತಯಾರಿಸುತ್ತಾರೆ. ಇಂಥ ಇನ್ಸುಲಿನ್ 1982ರಿಂದಲೇ ಮಾರುಕಟ್ಟೆಯಲ್ಲಿದೆ. ಸಸ್ಯಾಹಾರಿಗಳನ್ನು ಹೆದರಿಸುವ ಫಾರ್ವರ್ಡ್‌ಗಳು ಹಳೆಯ ಕಾಲದವು. ಚುಚ್ಚಿದಲ್ಲಿ ಗುಳಿ ಬೀಳುವುದೂ ಈಗ ಅಪರೂಪ. ಅದರ ಬದಲು ಒಂದೇ ಜಾಗಕ್ಕೆ ದಿನಾ ಚುಚ್ಚುವವರಿಗೆ ಅಲ್ಲಿ ಕೊಬ್ಬಿನ ಗಡ್ಡೆ ಬೆಳೆಯುತ್ತದೆ. ನೋವಾಗುವುದಿಲ್ಲ ಎಂದು ಅಲ್ಲೇ ಮತ್ತೆ ಚುಚ್ಚುತ್ತಾರೆ. ಗಡ್ಡೆಯೊಳಗಿಂದ ಇನ್ಸುಲಿನ್ ಒಂದು ದಿನ ನಿಧಾನ, ಒಂದು ದಿನ ಬೇಗ ಇಳಿಯುತ್ತದೆ. ಶುಗರ್ ಏಕೆ ಏರಿಳಿಯುತ್ತಿದೆ ಎಂದು ತಿಳಿಯದೆ ಡೋಸ್ ಬದಲಾಗುತ್ತಲೇ ಇರುತ್ತದೆ. ಹೊಟ್ಟೆ, ತೊಡೆ ಎಂದು ಜಾಗ ಬದಲಿಸಿ, ಹಿಂದಿನ ಜಾಗದಿಂದ ಒಂದು ಬೆರಳಿನಷ್ಟಾದರೂ ದೂರ ಚುಚ್ಚಿ.

ಇನ್ನೊಂದು ನಮ್ಮ ದೇಶದ್ದೇ ತೊಡಕು. ಇಲ್ಲಿ ಸಿಗುವ ಸಣ್ಣ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಯು-40, ಅಂದರೆ ಒಂದು ಮಿಲಿಲೀಟರ್‌ಗೆ 40 ಯುನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಯು-100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ತೆಗೆದುಕೊಳ್ಳುವಾಗ ಬಾಟಲಿ ಮತ್ತು ಸಿರಿಂಜು ಎರಡನ್ನೂ ಪಕ್ಕಪಕ್ಕ ಹಿಡಿದು ಅಂಕಿ ಓದಿ.

ರೋಗಿಯೇ ಡಾಕ್ಟರು, ಡಾಕ್ಟರೇ ರೋಗಿ

ಆಸ್ಪತ್ರೆಯಿಂದ ಹೊರಬಂದ ಲಾರೆನ್ಸ್ ಅಲ್ಲಿಯೇ ರಸಾಯನ ಪರೀಕ್ಷಾ ತಜ್ಞರಾಗಿ ಸೇರಿ, ಉಳಿದ ಬದುಕನ್ನೆಲ್ಲ ಸಕ್ಕರೆ ಕಾಯಿಲೆಗೇ ಕೊಟ್ಟರು. ಕಾಲು ಸುಧಾರಿಸಿತು. 1928ರಲ್ಲಿ ಮದುವೆ, ಆಮೇಲೆ ಮೂವರು ಗಂಡುಮಕ್ಕಳು. ಮನೆಯವರ ಕಣ್ಣೆದುರು ಸಾಯುವುದು ಬೇಡ ಎಂದು ಊರು ಬಿಟ್ಟಿದ್ದ ಮನುಷ್ಯ!

1925ರಲ್ಲಿ ಅವರು ಬರೆದ ಸಕ್ಕರೆ ಕಾಯಿಲೆಯ ಪುಸ್ತಕ ವೈದ್ಯರಿಗೂ ರೋಗಿಗಳಿಗೂ ಒಟ್ಟಿಗೇ ಬರೆದದ್ದು. ಆ ಕಾಲಕ್ಕೆ ಇದು ದೊಡ್ಡ ಮಾತು. ಡೋಸ್ ಎಷ್ಟು ಎಂಬುದು ಡಾಕ್ಟರ ಗುಟ್ಟಾಗಿರಬಾರದು, ರೋಗಿಯೇ ಮೂತ್ರ ನೋಡಿ, ಊಟ ನೋಡಿ ಅದನ್ನು ಹೊಂದಿಸಲು ಕಲಿಯಬೇಕು ಎಂಬುದು ಅವರ ನಿಲುವು. ಪುಸ್ತಕ ಹದಿನಾಲ್ಕು ಮುದ್ರಣ ಕಂಡು ಹಲವು ಭಾಷೆಗಳಿಗೆ ಹೋಯಿತು. ಊಟದ ಲೆಕ್ಕಕ್ಕೆ ಅವರು ಮಾಡಿದ ಪಟ್ಟಿಯಲ್ಲಿ ಪಿಷ್ಟದ ಪದಾರ್ಥಗಳು ಕಪ್ಪು ಅಕ್ಷರದಲ್ಲಿ, ಪ್ರೋಟೀನು ಕೊಬ್ಬಿನವು ಕೆಂಪು ಅಕ್ಷರದಲ್ಲಿ. ಕಪ್ಪಿನಲ್ಲಿ ಒಂದರ ಬದಲು ಇನ್ನೊಂದನ್ನು ತಿನ್ನಬಹುದು, ಪ್ರಮಾಣ ಅಲ್ಲೇ ಬರೆದಿರುತ್ತಿತ್ತು. ಕಷ್ಟದ ಲೆಕ್ಕ ಬಾರದವರಿಗೂ ಸುಲಭ. ಇಂದು ಆಹಾರ ತಜ್ಞರು ಒಂದು ಇಡ್ಲಿಗೆ ಇಷ್ಟು, ಅರ್ಧ ಮುದ್ದೆಗೆ ಇಷ್ಟು ಎಂದು ಹೇಳಿಕೊಡುವುದು ಇದೇ ಜಾತಿಯ ಲೆಕ್ಕ.

ಇನ್ಸುಲಿನ್ ತೆಗೆದುಕೊಂಡ ಮೇಲೆ ವ್ಯಾಯಾಮ ಮಾಡಿದರೆ ಸಕ್ಕರೆ ಹೆಚ್ಚು ಬೇಗ ಇಳಿಯುತ್ತದೆ ಎಂಬುದನ್ನು 1926ರಲ್ಲೇ ಪ್ರಕಟಿಸಿದರು. ಚುಚ್ಚಿಕೊಂಡು ತಿಂಡಿ ತಿನ್ನದೆ ವಾಕಿಂಗ್ ಹೋಗಿ ಪಾರ್ಕಿನಲ್ಲಿ ತಲೆಸುತ್ತಿ ಕೂರುವವರು ಈಗಲೂ ಇದ್ದಾರೆ. ಪ್ರಜ್ಞೆ ತಪ್ಪಿದ ರೋಗಿಯ ಚಿಕಿತ್ಸೆ, ಗರ್ಭಿಣಿಯರ ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆ ಜೊತೆ ಕ್ಷಯ ಇವುಗಳ ಬಗ್ಗೆ ಅವರು ಹೆಚ್ಚು ಕೆಲಸ ಮಾಡಿದರು. ಕೊನೆಯದು ನಮಗೂ ಬೇಕಾದದ್ದು. ಸಕ್ಕರೆ ಕಾಯಿಲೆ ಇರುವವರಲ್ಲಿ ಟಿಬಿ ಬರುವ ಸಂಭವ ಇಲ್ಲದವರಿಗಿಂತ ಎರಡು ಮೂರು ಪಟ್ಟು. ಶುಗರ್ ಇರುವವರಿಗೆ ಎರಡು ವಾರ ದಾಟಿದ ಕೆಮ್ಮು ಬಂದರೆ ಕಫ ಪರೀಕ್ಷೆ ಮಾಡಿಸಲೇಬೇಕು.

ಸೋಂಕಿನ ವಿಷಯದಲ್ಲಿ ಲಾರೆನ್ಸ್ ಅವರಿಗೆ ಅದೃಷ್ಟವೂ ಜೊತೆಗಿತ್ತು ಎಂದೇ ನನಗೆ ಅನಿಸುತ್ತದೆ. ಟೊರಾಂಟೋದ ಆ ಮೊದಲ ಹುಡುಗ ಲಿಯೊನಾರ್ಡ್ ಥಾಂಪ್ಸನ್ ಇನ್ಸುಲಿನ್ ಬಲದಲ್ಲಿ ಹದಿಮೂರು ವರ್ಷ ಬದುಕಿ, 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆಗ ಅವನಿಗೆ 26 ವರ್ಷ. ಪೆನಿಸಿಲಿನ್ ಬಳಕೆಗೆ ಬರಲು ಇನ್ನೂ ಕೆಲವು ವರ್ಷ ಬೇಕಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಇಂದು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಲು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಲಾರೆನ್ಸ್ ಅವರ ರೋಗಿಗಳಲ್ಲಿ ವಿಜ್ಞಾನ ಕಾದಂಬರಿಗಳಿಂದ ಜಗತ್ಪ್ರಸಿದ್ಧರಾದ ಎಚ್. ಜಿ. ವೆಲ್ಸ್ ಒಬ್ಬರು. ಇಬ್ಬರೂ ಸೇರಿ 1934ರಲ್ಲಿ ಸಕ್ಕರೆ ಕಾಯಿಲೆ ಇರುವವರದ್ದೇ ಒಂದು ಸಂಘ ಕಟ್ಟಿದರು. ರೋಗಿಗಳು ಸಂಘಟಿತರಾಗಿ ತಮ್ಮ ಔಷಧ, ತಮ್ಮ ಊಟ, ತಮ್ಮ ಕೆಲಸದ ಬಗ್ಗೆ ಮಾತಾಡುವುದು ಅಂದಿಗೆ ಹೊಸದು. 1935ರ ಜನವರಿಯಲ್ಲಿ ಸಂಘದ ಪತ್ರಿಕೆ ಶುರುವಾಯಿತು. ಅದರಲ್ಲಿ ಹೆಸರಿಲ್ಲದೆ ಬರುತ್ತಿದ್ದ ಎಷ್ಟೋ ಲೇಖನ ಲಾರೆನ್ಸ್ ಅವರದ್ದೇ. ಆ ಸಂಘವೇ ಇಂದಿನ ಡಯಾಬಿಟಿಸ್ ಯುಕೆ. 1950ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟಕ್ಕೆ ಮೊದಲ ಅಧ್ಯಕ್ಷರೂ ಅವರೇ ಆದರು.

ಆಸ್ಪತ್ರೆಯಿಂದ ನಿವೃತ್ತರಾದ ಸ್ವಲ್ಪ ಸಮಯಕ್ಕೆ ಪಾರ್ಶ್ವವಾಯು ಹೊಡೆಯಿತು. ಆಮೇಲೂ ರೋಗಿಗಳನ್ನು ನೋಡುವುದನ್ನು ಬಿಡಲಿಲ್ಲ. 1968ರ ಆಗಸ್ಟ್ 27ರಂದು ಲಂಡನ್ನಿನ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು 75. ಮೊದಲ ಚುಚ್ಚುಮದ್ದಿನಿಂದ ಎಣಿಸಿದರೆ 45 ವರ್ಷ ಮೂರು ತಿಂಗಳು. ದಿನಕ್ಕೆ ಒಂದೇ ಎಂದು ಲೆಕ್ಕ ಹಿಡಿದರೂ 16,500 ಚುಚ್ಚುಮದ್ದು. ಇನ್ಸುಲಿನ್ ಅವರಿಗೆ ಕೊನೆಯ ಹಂತವಾಗಿರಲಿಲ್ಲ.

ಸಕ್ಕರೆ ಕಾಯಿಲೆಯೊಂದಿಗೆ 60 ವರ್ಷ ಬದುಕಿದವರಿಗೆ ಡಯಾಬಿಟಿಸ್ ಯುಕೆ ಈಗ ಲಾರೆನ್ಸ್ ಹೆಸರಿನ ಪದಕ ಕೊಡುತ್ತದೆ. 80 ವರ್ಷ ಬದುಕಿದವರಿಗೆ ಕೊಡುವ ಪದಕಕ್ಕೆ ವೆಲ್ಸ್ ಹೆಸರು. ಕಾಯಿಲೆ ಗೊತ್ತಾದಂದಿನಿಂದ ಸುಮಾರು 48 ವರ್ಷ ಬದುಕಿದ ಲಾರೆನ್ಸ್ ಅವರಿಗೆ ತಮ್ಮದೇ ಹೆಸರಿನ ಪದಕ ಸಿಗುತ್ತಿರಲಿಲ್ಲ.